ಚೀಲ ಬದಲಿಸುವ ಹಿಯಾಂಗಕ್ಕ

ಹಾಂಗ್ ಕಾಂಗಿನ ಕೋ ಶಿಂಗ್ ಬೀದಿಯಲ್ಲಿ ಬೇರು, ತೊಗಟೆ, ಒಣಹಣ್ಣು ಮಾರುವ ಮಂಡಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದ ಕಾಲವದು. ಮಾರುವವರು ಬೇಕಾದಷ್ಟು ಜನ, ಕೊಳ್ಳುವವರು ಅವರಿಗಿಂತ ಹೆಚ್ಚು. ಹಿಯಾಂಗಕ್ಕ ಮಾತ್ರ ಮಾರಿದವಳೂ ಅಲ್ಲ, ಕೊಂಡವಳೂ ಅಲ್ಲ. ಅವಳು ಚೀಲ ಬದಲಿಸುವವಳು.

ಹುಟ್ಟಿದ್ದು ಚೀನಾದ ಚಾವೊಝೌ ಸೀಮೆಯ ಹಳ್ಳಿಯಲ್ಲಿ. ಗಂಡನ ಬೆನ್ನು ಹಿಡಿದು ಹಾಂಗ್ ಕಾಂಗಿಗೆ ಬಂದಳು. ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಆ ಮನುಷ್ಯ ಬೇಗನೆ ತೀರಿಕೊಂಡ. ಅಂದಿನಿಂದ ಸೆಟೊ ಯಜಮಾನರ ಮಂಡಿಯೇ ಅವಳಿಗೆ ತವರು, ಅತ್ತೆಮನೆ ಎರಡೂ. ಹಗಲು ಕೆಳಗೆ ಕೆಲಸ, ರಾತ್ರಿ ಅಟ್ಟದ ಮೇಲೆ ಹಾಸಿಗೆ. ಕೆಲಸ ಹೋದರೆ ಅಟ್ಟವೂ ಹೋದಂತೆ.

ಕೆಲಸವೇನೆಂದರೆ, ಚೀನಾದ ಗನ್ಸು ಬೆಟ್ಟಗಳಲ್ಲಿ ಹೆಂಗಸರ ಮೈಗೆ ಒಳ್ಳೆಯದೆಂದು ಹೆಸರಾದ ತಂಗ್‌ಕುಯಿ ಎಂಬ ಬೇರು ಬೆಳೆಯುತ್ತದೆ. ಅದು ತೈವಾನಿನವರಿಗೆ ಬೇಕೇ ಬೇಕು. ಆದರೆ ಎರಡೂ ಕಡೆಯ ದೊರೆಗಳಿಗೆ ಆಗ ಮಾತಿಲ್ಲ, ಕತೆಯಿಲ್ಲ. ಮುನಿಸಿಕೊಂಡ ಓರಗಿತ್ತಿಯರು ಪಕ್ಕದ ಮನೆಯವಳ ಕೈಯಲ್ಲಿ ಉಪ್ಪು ಕಳಿಸಿಕೊಳ್ಳುವುದಿಲ್ಲವೇ, ಹಾಗೆ ವ್ಯಾಪಾರ ನಡೆಯುತ್ತಿತ್ತು. ಸೆಟೊ ಯಜಮಾನರು ಚೀನಾದಿಂದ ಬೇರನ್ನು ತಮ್ಮ ಹೆಸರಿನಲ್ಲೇ ಕೊಳ್ಳುವರು. ರೈಲಿನಲ್ಲಿ ಬಂದು ಮಂಡಿಯಲ್ಲಿ ಇಳಿದ ಮೇಲೆ ಅದು ಅವರ ಸರಕು. ಆಮೇಲೆ ಅದನ್ನೇ ತೈಪೆಯ ಲಿಮ್ ಬೂನ್‌ತೆಕ್ ಎಂಬ ವ್ಯಾಪಾರಿಗೆ ಮಾರುವರು. ಹಡಗಿನ ಕಾಗದದಲ್ಲಿ ಹೊರಟ ಊರು ಹಾಂಗ್ ಕಾಂಗ್ ಎಂದೇ ಇರುತ್ತಿತ್ತು, ಅದು ಸುಳ್ಳೂ ಅಲ್ಲ. ಹಾಂಗ್ ಕಾಂಗಿನ ಬಂಡೆಗಳ ಮೇಲೆ ತಂಗ್‌ಕುಯಿ ಬೆಳೆಯುವುದಿಲ್ಲ ಎಂದು ತೈವಾನಿನ ಸುಂಕದ ಅಧಿಕಾರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ಮನೆಯಲ್ಲೂ ಹೆಂಗಸರಿದ್ದರಲ್ಲ. ಚೀನಾದ ಗುರುತು ಕಣ್ಣಿಗೆ ಬೀಳದಿದ್ದರೆ ಸಾಕು ಎಂದಿದ್ದ.

ಕಣ್ಣಿಗೆ ಬೀಳದಂತೆ ಮಾಡುವುದು ಹಿಯಾಂಗಕ್ಕನ ಪಾಲು. ಚೀನಾದ ಚೀಲದ ಹೊಲಿಗೆ ಬಿಚ್ಚಿ, ಬೇರು ಸುರಿದು, ಮಣ್ಣು ಕೊಡವಿ, ಮುರಿದದ್ದು ಆರಿಸಿ, ಹೊಸ ಗೋಣಿಗೆ ತುಂಬಿ ಮತ್ತೆ ಹೊಲಿಯಬೇಕು. ಹಳೆಯ ಚೀಲದ ಒಂದು ಅಕ್ಷರವೂ ಹೊಸದರೊಳಗೆ ಸೇರಕೂಡದು.

ಅವಳಿಗಿದ್ದ ಚಟ ಒಂದೇ, ಕೇಳುವುದು. ಈ ಬೇರು ಅಗೆದವರು ಯಾರು, ಬೆಟ್ಟದಲ್ಲಿ ಚಳಿ ಎಷ್ಟು, ಹಡಗು ಹತ್ತಿದ ಮೇಲೆ ಇದರ ಗತಿ ಏನು, ಯಾರ ಮಡಕೆಯಲ್ಲಿ ಬೇಯುತ್ತದೆ. ಒಂದು ದಾರಿಯ ನಟ್ಟನಡುವೆ ಕೂತು ಎರಡು ತುದಿಯನ್ನೂ ನೋಡದವಳಿಗೆ ಬೇರೆ ಏನು ತೋಚೀತು? ಮೂಟೆ ತೂಗುವ ಕ್ವಾನ್‌ನ ತಲೆಯನ್ನಂತೂ ದಿನಾ ತಿನ್ನುತ್ತಿದ್ದಳು.

"ನಿನ್ನ ಬೇರು ಅಲ್ಲಿ ಹೋಗಿ ಮದ್ವೆ ಮಾಡ್ಕೊಂಡು ಸುಖವಾಗಿದೆ ಕಣಕ್ಕ" ಎನ್ನುತ್ತಿದ್ದ ಅವನು. "ನಿಂಗೊಬ್ಳಿಗೇ ಲಗ್ನಪತ್ರಿಕೆ ಬರ್ಲಿಲ್ಲ, ಅಷ್ಟೆ."

"ಬಂದಿದ್ರೆ ನಿನ್ನನ್ನ ಕರ್ಕೊಂಡು ಹೋಗ್ತಿರ್ಲಿಲ್ಲ ಬಿಡು. ಊಟಕ್ಕೆ ಮುಂಚೆನೇ ಎಲೆ ಖಾಲಿ ಮಾಡ್ತೀಯ."

ಆ ವರ್ಷ ಹಡಗು ಹೊರಡುವ ಅವಸರದಲ್ಲಿ ಅವಳ ಕೈ ತಪ್ಪಿತು. ಚೀನಾದವರು ಚೀಲದೊಳಗೆ ಹಾಕಿದ್ದ ಅಚ್ಚಿನ ಬಟ್ಟೆಪಟ್ಟಿಯೊಂದು ಬೇರಿನ ಜೊತೆಗೇ ಹೊಸ ಗೋಣಿ ಸೇರಿತು. ಆ ಪಟ್ಟಿಯ ಮೇಲಿದ್ದದ್ದು ಚೀನಾದವರು ಗೀಟು ಕಡಿಮೆ ಮಾಡಿಕೊಂಡ ಹೊಸ ಬಗೆಯ ಅಕ್ಷರ. ಹಳೆಯ ಅಕ್ಷರವನ್ನೇ ಉಳಿಸಿಕೊಂಡಿದ್ದ ತೈವಾನಿನಲ್ಲಿ ಅದನ್ನು ಕಂಡ ಮೇಲೆ ಕುರುಡನಂತೆ ನಟಿಸುವುದು ಯಾವ ಅಧಿಕಾರಿಗೂ ಆಗದ ಮಾತು. ಇಡೀ ಸರಕು ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ವಾಪಸು ಬಂದು ಮಂಡಿಯ ಬಾಗಿಲಲ್ಲಿ ಇಳಿಯಿತು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಹಿಯಾಂಗಕ್ಕ ಬದುಕಿಕೊಳ್ಳುತ್ತಿದ್ದಳು. ವರ್ಷದ ಕೊನೆಯ ಊಟ ಹತ್ತಿರ ಬಂದಿತ್ತು. ಆ ಬೀದಿಯ ಮಂಡಿಗಳಲ್ಲಿ ಯಾರನ್ನಾದರೂ ಕೆಲಸದಿಂದ ಬಿಡಿಸಬೇಕೆಂದರೆ ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ವರ್ಷದ ಕೊನೆಯ ಊಟದಲ್ಲಿ ಯಜಮಾನರು ಒಂದು ತುಂಡು ಕೋಳಿಯನ್ನು ತಮ್ಮ ಕೈಯಾರೆ ಎತ್ತಿ ಅವರ ಬಟ್ಟಲಿಗೆ ಹಾಕುತ್ತಾರೆ. ಹಾಕಿಸಿಕೊಂಡವರು ಮರುದಿನ ಹಾಸಿಗೆ ಸುತ್ತಬೇಕು.

ಅಷ್ಟರಲ್ಲಿ ತೈಪೆಯಿಂದ ಲಿಮ್ ಅವರೇ ಇಳಿದರು, ಈ ಸಲದ ಚೀಲಗಳನ್ನು ಕಣ್ಣಾರೆ ನೋಡಿ ಹಡಗಿಗೆ ಏರಿಸಲು. ನೆರೆತ ತಲೆ, ಮೆತ್ತನೆಯ ದನಿ. ಅವರ ಮಾತು ಸೆಟೊ ಯಜಮಾನರಿಗೆ ಅರ್ಥವಾಗದು, ಹಿಯಾಂಗಕ್ಕನಿಗೆ ಆಗುತ್ತಿತ್ತು. ಅವಳ ಹಳ್ಳಿಯ ನುಡಿಗೂ ಅವರ ಮನೆಮಾತಿಗೂ ಅಕ್ಕತಂಗಿಯರ ಸಂಬಂಧ. ಅವರು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಅವಳು ಒಂದೊಂದೇ ಬೇರನ್ನು ಕೊಡವಿ ಮೂಸಿ ಬೇರ್ಪಡಿಸುವುದನ್ನು ನೋಡಿದರು. ಎಂದಿನವಳಾಗಿದ್ದರೆ ಅವರನ್ನು ಪ್ರಶ್ನೆಗಳಲ್ಲೇ ಮುಳುಗಿಸುತ್ತಿದ್ದಳು. ಈಗ ತಪ್ಪು ಮಾಡಿದ ನಾಚಿಕೆಗೆ ಬೇರಿನ ಮೇಲಿಂದ ಕಣ್ಣೆತ್ತಲಿಲ್ಲ.

ಊಟದ ದಿನ ಲಿಮ್ ಅವರನ್ನೂ ಕೂರಿಸಿದರು. ನಡುವೆ ಬೇಯಿಸಿದ ಇಡೀ ಕೋಳಿ, ತಲೆ ಸಮೇತ, ಕತ್ತರಿಸಿ ಜೋಡಿಸಿದ್ದು. ಅತಿಥಿಗೆ ಮರ್ಯಾದೆ ಎಂದು ಕ್ವಾನ್ ತಟ್ಟೆಯನ್ನು ತಿರುಗಿಸಿ, ಕೋಳಿಯ ತಲೆ ಲಿಮ್ ಅವರ ಕಡೆಗೆ ಬರುವಂತೆ ಇಟ್ಟ. ಹಿಯಾಂಗಕ್ಕ ತಲೆ ತಗ್ಗಿಸಿ ಕೂತಿದ್ದಳು. ಯಜಮಾನರ ಊಟದ ಕಡ್ಡಿಗಳು ತಟ್ಟೆಯತ್ತ ಹೋಗಿ ಒಂದು ತುಂಡನ್ನು ಹಿಡಿದದ್ದನ್ನು ಓರೆಗಣ್ಣಿನಲ್ಲಿ ಕಂಡಳು.

ಅಷ್ಟರಲ್ಲಿ ಪಕ್ಕದಿಂದ ಒಳ್ಳೆಯ ತೊಡೆಯ ತುಂಡೊಂದು ಬಂದು ಅವಳ ಬಟ್ಟಲಿನಲ್ಲಿ ಕೂತಿತು.

"ದಿನವೆಲ್ಲ ದುಡಿದಿದ್ದೀರಿ. ಮೊದ್ಲು ನೀವು ತಿನ್ನಿ ಅಕ್ಕ" ಎಂದರು ಲಿಮ್.

ಹಿಯಾಂಗಕ್ಕ ಕಡ್ಡಿಗಳನ್ನು ಕೆಳಗಿಟ್ಟಳು.

"ಆಯ್ತು. ಬೆಳಿಗ್ಗೆ ಹಾಸಿಗೆ ಸುತ್ಕೋತೀನಿ."

"ಹಾಕಿದ್ದು ಯಜಮಾನ್ರಲ್ಲ ಕಣಕ್ಕ" ಎಂದು ಕ್ವಾನ್ ಪಿಸುಗುಟ್ಟಿದ.

"ತಗೊಳ್ಳೋ ಗಿರಾಕಿನೇ ಬೇಡ ಅಂದ್ಮೇಲೆ ಯಜಮಾನ್ರು ಏನ್ ಮಾಡ್ತಾರೆ?"

ಲಿಮ್ ಕಕ್ಕಾಬಿಕ್ಕಿಯಾಗಿ ಎಲ್ಲರ ಮುಖ ನೋಡಿದರು. ಅವಳು ತನ್ನ ನುಡಿಯಲ್ಲೇ ಈ ಬೀದಿಯ ರೂಢಿಯನ್ನು ಬಿಡಿಸಿ ಹೇಳಿದಳು. ಕೇಳಿ ಅವರ ಮುಖ ಬೆಳ್ಳಗಾಯಿತು. ಆಮೇಲೆ ನಿಧಾನವಾಗಿ ನಗು ಬಂತು.

"ಅಯ್ಯೋ ದೇವರೇ, ನಮ್ಮಲ್ಲಿ ತುಂಡು ಅಲ್ಲಮ್ಮ, ಕೋಳಿ ತಲೆ. ತಲೆ ಯಾರ ಕಡೆ ತಿರುಗಿರತ್ತೋ ಅವ್ರಿಗೆ ಕೆಲಸ ಇಲ್ಲ ಅಂತ. ಆಗ್ಲಿಂದ ಈ ಕೋಳಿ ನನ್ನೇ ದುರುಗುಟ್ಕೊಂಡು ನೋಡ್ತಿದೆ. ಸೆಟೊ ಅವ್ರು ನನ್ ವ್ಯಾಪಾರ ಬಿಟ್ರು ಅಂತ ಅನ್ನ ಇಳೀದೆ ಕೂತಿದ್ದೀನಿ."

ಹಿಯಾಂಗಕ್ಕ ಇದನ್ನು ಯಜಮಾನರ ಮಾತಿಗೆ ತಿರುಗಿಸಿದಳು. ಕ್ವಾನ್ ಬಿದ್ದುಬಿದ್ದು ನಕ್ಕ, ನಗುತ್ತಲೇ ಎದ್ದು ತಟ್ಟೆಯನ್ನು ಗೋಡೆಯ ಕಡೆಗೆ ತಿರುಗಿಸಿದ. ನಗು ಮೇಜಿನ ಸುತ್ತ ಹಬ್ಬಿತು. ಒಂದೇ ಶಾಸ್ತ್ರ ಕಡಲು ದಾಟುವಾಗ ವೇಷ ಬದಲಿಸಿತ್ತು, ಅದರ ಚೀಲ ಬದಲಿಸಿದ ಹಿಯಾಂಗಕ್ಕ ಯಾರೋ ಕಾಣೆ.

ಬದುಕಿದೆ ಎನಿಸಿದ್ದೇ ತಡ, ಅವಳ ಹಳೆಯ ಚಟ ಎದ್ದು ಕೂತಿತು.

"ಲಿಮ್ ಅಣ್ಣ, ಆ ಬೇರು ಅಲ್ಲಿ ಯಾರ ಹೊಟ್ಟೆಗೆ ಹೋಗತ್ತೆ?"

"ಚಳಿಗೆ ಬಾತುಕೋಳಿ ಜೊತೆ ಬೇಯಿಸ್ತೀವಿ. ಬಾಣಂತಿಯರಿಗೆ ಕೊಡ್ತೀವಿ. ಹೋದ ಸಲದ್ದು ವಾಪಸ್ ಬಂತಲ್ಲ, ಹೆತ್ತ ನನ್ನ ಸೊಸೆಗೇ ಕೊಡೋಕೆ ಒಳ್ಳೆ ಬೇರಿರ್ಲಿಲ್ಲ. ಅದಕ್ಕೇ ನಾನೇ ಓಡ್ಬಂದೆ."

ಹಿಯಾಂಗಕ್ಕನ ಕಣ್ಣು ತುಂಬಿತು. ಬಟ್ಟೆಪಟ್ಟಿಯ ತಪ್ಪು ಅಷ್ಟು ದೂರ ಹೋಗಿ ಯಾರಿಗೋ ತಟ್ಟಿದ್ದು ಅವಳಿಗೆ ಆಗಲೇ ಗೊತ್ತಾದದ್ದು.

"ಏನಂತೆ?" ಎಂದರು ಯಜಮಾನರು.

ಅವಳು ಅವರತ್ತ ತಿರುಗಿದಳು. ಅವರ ಕಡ್ಡಿಗಳ ತುದಿಯಲ್ಲಿ ಕೋಳಿಯ ತುಂಡು ಇನ್ನೂ ಹಾಗೇ ಇತ್ತು, ಮೇಜಿನ ನಡುವೆ, ಅವಳ ಕಡೆಗೆ ಬಾಗಿ. ಹಿಯಾಂಗಕ್ಕ ಅದನ್ನು ನೋಡಿಯೂ ನೋಡದವಳ ಹಾಗೆ, ಲಿಮ್ ಅವರ ಸೊಸೆಯ ವಿಷಯವನ್ನು ಹೇಳಿದಳು. ಯಜಮಾನರು ಕೇಳಿಸಿಕೊಂಡರು. ಆಮೇಲೆ ಆ ತುಂಡನ್ನು ತಮ್ಮ ಬಟ್ಟಲಿಗೇ ಹಾಕಿಕೊಂಡರು.

"ಹಾಗಾದ್ರೆ ನಾಳೆ ಬೇಗ ಚೀಲ ಹೊಲಿ" ಎಂದು ತಿನ್ನತೊಡಗಿದರು.

ಎರಡೂ ದಡದ ನಡುವೆ ನೇರ ಹಡಗುಗಳು ಓಡಾಡತೊಡಗುವ ತನಕ ಅವಳು ಅದೇ ಮಂಡಿಯಲ್ಲಿದ್ದಳು, ಅದೇ ಅಟ್ಟದಲ್ಲಿ ಮಲಗಿದಳು. ಕಂಡ ಕಂಡವರನ್ನೆಲ್ಲ ಕಂಡದ್ದನ್ನೆಲ್ಲ ಕೇಳಿದಳು. ಆ ತುಂಡು ಯಾರಿಗೆಂದು ಎತ್ತಿದ್ದಿರಿ ಎಂದು ಯಜಮಾನರನ್ನು ಮಾತ್ರ ಕೇಳಲಿಲ್ಲ.