ಟರ್ಬೊ ಕಾರು ದಾಂಡೇಲಿಗೆ ಹೋಗಿ ಬಂದದ್ದು

ಧಾರವಾಡವನ್ನು ಬೆಳಿಗ್ಗೆ ಏಳಕ್ಕೆ ಬಿಟ್ಟೆ. ಹಳಿಯಾಳದ ಮೇಲೆ ದಾಂಡೇಲಿಗೆ ಸುಮಾರು ಅರವತ್ತು ಕಿಲೋಮೀಟರ್. ಬೇರೆ ಗಾಡಿಗೆ ಒಂದೂವರೆ ತಾಸಿನ ದಾರಿ. ನಮ್ಮದು ನೆಲಕ್ಕೆ ಅಂಟಿಕೊಂಡಂತಿರುವ ಎರಡು ಬಾಗಿಲಿನ ಜಪಾನಿ ಸ್ಪೋರ್ಟ್ಸ್ ಕಾರು. ಪ್ರತಿ ರಸ್ತೆ ಉಬ್ಬನ್ನೂ ಓರೆಯಾಗಿ ಹತ್ತಿಸಿ ಇಳಿಸಬೇಕು. ಹಳಿಯಾಳ ಮುಟ್ಟುವಷ್ಟರಲ್ಲಿ ಎಂಟೂವರೆ ದಾಟಿತ್ತು.

ಈ ಕಾರು ನಮ್ಮನೆಯವರ ಹುಚ್ಚು. ಊರಲ್ಲಿ ನಮ್ಮದೊಂದು ಔಷಧಿ ಅಂಗಡಿ ಇದೆ. ಇಬ್ಬರೂ ಸೇರಿ ನಡೆಸುತ್ತೇವೆ. ಐದು ವರ್ಷದ ಹಿಂದೆ ಅವರು ಇದನ್ನು ಗೋವಾದಲ್ಲಿ ಒಬ್ಬರಿಂದ ಕೊಂಡು ತಂದರು. ವಯಸ್ಸಿನಲ್ಲಿ ಅದು ನಮ್ಮ ಮಗಳಿಗಿಂತ ಎರಡು ವರ್ಷ ದೊಡ್ಡದು. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇಂಜಿನ್ನಿಗೆ ಇನ್ನಷ್ಟು ಗಾಳಿ ತುಂಬಿ ಓಟ ಹೆಚ್ಚಿಸುತ್ತದೆ. ಟರ್ಬೊ ಅಂದರೆ ಅಷ್ಟೇ. ಹೋದ ವರ್ಷ ದೂರದ ಊರಿನ ಗ್ಯಾರೇಜೊಂದರಲ್ಲಿ ಮೊದಲಿನದಕ್ಕಿಂತ ದೊಡ್ಡ ಟರ್ಬೊ ಹಾಕಿಸಿದರು. ಕೆಲವು ತಿಂಗಳು ಕಾರು ಸುಖವಾಗಿ ಓಡಿತು. ಆಮೇಲೆ ಏರು ಬಂದರೆ ಸಾಕು, ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು ಶುರುವಾಯಿತು.

ಒಂದು ದಿನ ಮಗಳನ್ನು ಬಾಗಲಕೋಟೆಯ ಹಾಸ್ಟೆಲಿಗೆ ಬಿಡಲು ಹೊರಟಿದ್ದೆ. ಸವದತ್ತಿ ರಸ್ತೆಯಲ್ಲಿ ಲಾರಿಯನ್ನು ಹಿಂದಿಕ್ಕುತ್ತಿದ್ದಾಗ ಕಾರು ದಮ್ಮು ಕಟ್ಟಿದಂತೆ ನಿಧಾನವಾಯಿತು. ಎದುರಿಗೆ ಬಸ್ಸು. ಲಾರಿಯವನು ಬ್ರೇಕ್ ಒತ್ತಿ ಜಾಗ ಬಿಟ್ಟದ್ದರಿಂದ ಉಳಿದೆವು. ಮಗಳು ಬಾಗಲಕೋಟೆಯವರೆಗೂ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದೇ ಕುಳಿತಳು.

ನಮ್ಮನೆಯವರಿಗೆ ಬೆನ್ನಿನ ತೊಂದರೆ. ತಗ್ಗಿನ ಸೀಟಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದ್ದರು. ಆದ್ದರಿಂದ ದಾಂಡೇಲಿಗೆ ನಾನೇ ಹೊರಟೆ. ಅಲ್ಲಿಯ ಖಾದರ್‌ಸಾಬ್ ಎಂಬ ಮಿಸ್ತ್ರಿ ಕೊಲ್ಲಿ ದೇಶದಲ್ಲಿ ಬಹಳ ವರ್ಷ ಇಂಥ ಕಾರುಗಳನ್ನೇ ಟ್ಯೂನ್ ಮಾಡಿದವರೆಂದು ಅಂಗಡಿಯ ಗಿರಾಕಿಯೊಬ್ಬರು ಹೇಳಿದ್ದರು. ನಮ್ಮನೆಯವರಿಗೆ ಇದು ಒಗ್ಗಲಿಲ್ಲ.

"ಗುರ್ತಿಲ್ಲದವರ ಕೈಯಾಗ ಕೊಡಬ್ಯಾಡ. ಛಲೋ ಸಾಮಾನು ತಗದು ಹಳೇದು ಕೂಡಸ್ತಾರ" ಅಂದರು. ನಾನು ಕೇಳದಿದ್ದಾಗ, "ಟರ್ಬೊ ಮ್ಯಾಲೆ ಕಣ್ಣಿಡು ಹಂಗಾದ್ರ. ಬ್ಯಾರೆ ಏನೂ ಬಿಚ್ಚಾಕ ಬಿಡಬ್ಯಾಡ" ಅಂದರು.

ಹಳಿಯಾಳದಲ್ಲಿ ಉಪ್ಪಿಟ್ಟು ತಿಂದು ಚಹಾ ಕುಡಿದೆ. ಹೋಟೆಲಿನವನು ಕಾರನ್ನು ನೋಡಿ, "ಖಾದರ್‌ಸಾಬರ ಕಡೆ ಹೊಂಟೀರೇನ್ರಿ?" ಎಂದು ಕೇಳಿದ. ಹೌದೆಂದೆ. "ಕೆಲಸ ಛಲೋ ಅಂತಾರ್ರಿ. ಆದ್ರ ಗಾಡಿ ಮಾಲಕರನ್ನ ಶೆಡ್ಡಿನ್ಯಾಗ ನಿಲ್ಲಾಕ ಬಿಡೂದಿಲ್ಲ. ಯಾಕೋ ಏನೋ." ದುಡ್ಡು ಕೊಟ್ಟು ಬೇಗ ಎದ್ದೆ.

ದಾಂಡೇಲಿಯ ಅಂಬೇವಾಡಿಯಲ್ಲಿ ಮನೆಯ ಹಿಂದೆ ತಗಡಿನ ಶೆಡ್ಡು. ಖಾದರ್‌ಸಾಬ್ ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ಇಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳಿದರು. ತಣ್ಣಗಾಗಲು ಮೂರು ತಾಸು ಬಿಟ್ಟು, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಭೂತಗನ್ನಡಿ ಹಿಡಿದು ನನಗೂ ತೋರಿಸಿದರು. ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಯ ಪುಡಿಯಂಥ ಚುಕ್ಕೆಗಳು.

"ಇದು ಪಿಸ್ಟನ್ ಕರಗಿ ಬಂದ ಪುಡಿರೀ ಅಕ್ಕಾರ. ಗಾಳಿ ಅಳತಿ ಮೀರಿ ತುಂಬಾಕತ್ತೈತಿ, ಅದಕ್ಕ ಆ ಸದ್ದು, ದಮ್ಮು ಕಟ್ಟೂದು. ಒಂದು ಘಟ್ಟ ಹತ್ತಿದ್ರ ತೂತು ಬೀಳ್ತಿತ್ತು. ಗಾಡಿ ಬಿಟ್ಟು ಹೋಗ್ರಿ, ನಾಳಿ ಸಂಜಿಗೆ ಬರ್ರಿ."

"ನಾನೂ ಇಲ್ಲೇ ಕೂಡ್ತೇನಿ" ಅಂದೆ.

"ಬ್ಯಾಡ್ರಿ. ಶೆಡ್ಡಿನ್ಯಾಗ ಯಾರೂ ಇರೂದು ಬ್ಯಾಡ."

ನಾನು ಅಂಗಳದಲ್ಲಿ ಕಾದೆ; ಸಂಜೆಯ ನಮಾಜಿಗೆ ಅವರು ಎದ್ದುಹೋದಾಗ ಶೆಡ್ಡಿನೊಳಗೆ ಹೋದೆ. ನನ್ನ ಪರ್ಸಿನಲ್ಲಿ ಗುಲಾಬಿ ಬಣ್ಣದ ನೇಲ್ ಪಾಲಿಶ್ ಇತ್ತು. ಟರ್ಬೊದ ಕಂದು ಕಬ್ಬಿಣದ ಚಿಪ್ಪಿನ ಮೇಲೆ, ತಗಡಿನ ಮುಚ್ಚಳದ ಸಂದಿಯಲ್ಲಿ, ಯಾರಿಗೂ ಸುಲಭಕ್ಕೆ ಕಾಣದಂತೆ ಒಂದು ಚುಕ್ಕೆ ಇಟ್ಟೆ. ಕಿಲೋಮೀಟರ್ ಅಂಕಿಯನ್ನೂ ಬರೆದುಕೊಂಡೆ. ಬಸ್ ನಿಲ್ದಾಣದ ಬಳಿಯ ಲಾಡ್ಜಿಗೆ ನಡೆದುಹೋಗಿ ಕೋಣೆ ಹಿಡಿದೆ.

ಮರುದಿನ ಸಂಜೆಯವರೆಗೆ ನನಗೆ ಕೆಲಸವಿರಲಿಲ್ಲ. ಜೊಯಿಡಾ ಕಡೆಯ ಕಾಡನ್ನಾದರೂ ನೋಡೋಣವೆಂದು ಕುಂಬಾರವಾಡದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ಸೊನ್ನೆ ಬರೆದ ಚೀಟಿ ಹರಿದು ಕೊಡುತ್ತಾನೆ. ಬಿಸಿಲು ಬಿದ್ದಿದ್ದರೂ ಕಿಟಕಿಯಿಂದ ಚಳಿಗಾಳಿ ಬರುತ್ತಿತ್ತು. ಜೊಯಿಡಾ ದಾಟಿದ ಮೇಲೆ ಕೊಯ್ಲು ಮುಗಿದ ಗದ್ದೆಗಳು, ಮತ್ತೆ ಕಾಡು, ಮತ್ತೆ ಗದ್ದೆ.

ಕುಂಬಾರವಾಡದಲ್ಲಿ ಇಳಿದಾಗ, ವಾಪಸು ಬಸ್ಸು ಮಧ್ಯಾಹ್ನದ ಮೇಲೆಯೇ ಎಂದು ತಿಳಿಯಿತು. ರಸ್ತೆ ಬದಿಗೆ ಗೆಡ್ಡೆ ಮಾರುತ್ತಿದ್ದ ಹೆಂಗಸಿನ ಪಕ್ಕ ಕಲ್ಲಿನ ಮೇಲೆ ಕುಳಿತೆ. ಹತ್ತು ನಿಮಿಷವೂ ಆಗಿರಲಿಲ್ಲ, ಪರಿಚಿತ ಸಿಳ್ಳೆಯಂಥ ಸದ್ದು ಕೇಳಿತು. ನಮ್ಮ ನೀಲಿ ಕಾರು ನನ್ನ ಮುಂದೆಯೇ ಭರ್ರೆಂದು ಹಾದುಹೋಯಿತು. ನಡೆಸುತ್ತಿದ್ದವರು ಖಾದರ್‌ಸಾಬ್. ಪಕ್ಕದಲ್ಲಿ ದುಪಟ್ಟಾ ಹೊದ್ದ ಒಬ್ಬ ತರುಣಿ ತಲೆ ತಗ್ಗಿಸಿ ಕುಳಿತಿದ್ದಳು.

"ಆ ಗಿಡ್ಡ ಗಾಡಿ ಬೆಳಗ್ಗಿಂದ ನಾಕು ಫೇರಿ ಆಯ್ತು, ಬಾಯೀ" ಎಂದಳು ಗೆಡ್ಡೆಯವಳು, ಕೊಂಕಣಿ ರಾಗದಲ್ಲಿ. "ಏರಿನಾಗೆ ಜೋರು ಹೋಗ್ತದೆ, ನಿಲ್ತದೆ, ತಿರುಗಿ ಬರ್ತದೆ. ಯಾರದ್ದೋ ಏನೋ."

ನನ್ನದು ಎಂದು ಹೇಳಲು ನಾಚಿಕೆಯಾಯಿತು. ಬಸ್ಸು ಬರುವವರೆಗಿನ ಮೂರು ತಾಸು ನನಗೆ ಗದ್ದೆಯೂ ಕಾಣಲಿಲ್ಲ, ಕಾಡೂ ಕಾಣಲಿಲ್ಲ. ಪಿಸ್ಟನ್ ಕರಗಿದ ಗಾಡಿಯನ್ನು ಯಾರಾದರೂ ಏರಿನಲ್ಲಿ ಓಡಿಸುತ್ತಾರೆಯೇ? ಹೊಸ ಟರ್ಬೊ ಈಗಾಗಲೇ ಯಾವ ಕಾರಿಗೆ ಹೋಗಿರಬಹುದು?

ದಾಂಡೇಲಿಯಲ್ಲಿ ಬಸ್ಸಿಳಿದವಳೇ ಶೆಡ್ಡಿಗೆ ನೇರವಾಗಿ ನುಗ್ಗಿದೆ. ಕಿಲೋಮೀಟರ್ ನೋಡಿದೆ, ನೂರೈವತ್ತಕ್ಕೂ ಹೆಚ್ಚು ಓಡಿತ್ತು. "ಮಿಸ್ತ್ರಿ, ನನ್ನ ಕಾರು ಕುಂಬಾರವಾಡಕ್ಕ ಯಾಕ ಹೋಗಿತ್ತು?"

"ಅಲ್ಲೆ ಏರು ಐತ್ರಿ, ಮಂದಿ ಕಡಿಮಿ. ಏರಿನ್ಯಾಗ ಓಡಿಸಿ ನೋಡಲಾರದ ಟರ್ಬೊ ಟ್ಯೂನ್ ಆಗೂದಿಲ್ಲ. ನಿಮಗ ಹೇಳಬೇಕಾಗಿತ್ತು. ತಪ್ಪಾತು."

ನಾನು ಬಾನೆಟ್ ಎತ್ತಿ ಸಂದಿಯಲ್ಲಿ ಮೊಬೈಲಿನ ಬೆಳಕು ಬಿಟ್ಟೆ. ಚುಕ್ಕೆ ಇರಲಿಲ್ಲ. "ಇದು ನನ್ನ ಟರ್ಬೊ ಅಲ್ಲ" ಅಂದೆ.

ಖಾದರ್‌ಸಾಬ್ ಅರಿವೆಯಿಂದ ಕೈ ಒರೆಸಿಕೊಂಡರು. "ಗುಲಾಬಿ ಗುರ್ತು ಹುಡಕಾಕತ್ತೀರೇನ್ರಿ? ನಿನ್ನೆ ನಮಾಜ್ ಮುಗಿಸಿ ಬಂದಾಗ ನೋಡೀನಿ. ಆ ಚಿಪ್ಪು ಕೆಂಪಗ ಕಾಯ್ತೈತ್ರಿ. ಬಣ್ಣ ಅಲ್ಲೆ ಹೆಂಗ ಉಳಿದೀತು?"

ಒಳಗಿನಿಂದ ಆ ತರುಣಿ ಬಂದಳು. ಅವರ ಮಗಳು ಶಾಹಿನ್. ಕೆಲಸ ಶುರು ಮಾಡುವ ಮೊದಲು ತೆಗೆದ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದಳು. ಟರ್ಬೊಗೆ ಕೂಡಿಸಿದ ಲೋಹದ ಪಟ್ಟಿಯ ಮೇಲಿನ ನಂಬರು, ಅದರ ಪಕ್ಕದಲ್ಲೇ ನನ್ನ ಗುಲಾಬಿ ಚುಕ್ಕೆ. ಗಾಡಿಯಲ್ಲಿದ್ದ ಪಟ್ಟಿಯೊಡನೆ ಒಂದೊಂದೇ ಅಂಕಿ ಹೋಲಿಸಿದೆ, ಎರಡು ಸಲ. ಅದೇ ನಂಬರು. ನೆಲ ಬಾಯಿಬಿಟ್ಟರೆ ಇಳಿದುಬಿಡಬಹುದಿತ್ತು.

"ಕೆಟ್ಟದ್ದು ಆಗೇತ್ರಿ, ಇಲ್ಲ ಅನ್ನೂದಿಲ್ಲ" ಎಂದರು ಖಾದರ್‌ಸಾಬ್. "ಆದ್ರ ಇಲ್ಲೆ ಆಗಿದ್ದಲ್ಲ." ಹೆಬ್ಬೆರಳಿನಷ್ಟು ಉದ್ದದ ಹಿತ್ತಾಳೆಯ ತಿರುಪೊಂದನ್ನು ಮೇಜಿನ ಮೇಲಿಟ್ಟರು. ಅದರ ಎರಡೂ ತುದಿಗೆ ತೆಳ್ಳನೆಯ ರಬ್ಬರ್ ಕೊಳವೆಯ ತುಂಡುಗಳಿದ್ದವು. ಇದನ್ನು ತಿರುವಿದಷ್ಟೂ ಟರ್ಬೊ ತನ್ನ ಮಿತಿ ದಾಟಿ ಗಾಳಿ ನೂಕುತ್ತದೆಯಂತೆ. ಬ್ಯಾಟರಿಯ ತಳದಲ್ಲಿ, ಕಣ್ಣಿಗೆ ಬೀಳದಂತೆ ಕೂಡಿಸಿದ್ದರಂತೆ; ತೆಗೆದ ಮೇಲೆ ಗಾಳಿ ಅಳತೆಗೆ ಬಂತು, ಪಿಸ್ಟನ್ನಿಗೆ ಇನ್ನೂ ತೂತು ಬಿದ್ದಿರಲಿಲ್ಲವಂತೆ.

"ಟರ್ಬೊ ಹಾಕಿದ ಗ್ಯಾರೇಜಿನವ್ರ ಕೆಲಸ ಚೊಕ್ಕ ಐತಿ. ಇದು ಆಮ್ಯಾಲ ಯಾರೋ ಹಾಕ್ಯಾರ."

"ಯಾರು?"

"ಅದು ನನಗೇನು ಗೊತ್ರಿ."

ನನಗೆ ಗೊತ್ತಾಯಿತು. ಕೊಳವೆಗೆ ಸುತ್ತಿದ್ದದ್ದು ಗ್ಯಾರೇಜಿನ ಕಪ್ಪು ಟೇಪಲ್ಲ. ಗಾಯಕ್ಕೆ ಹಚ್ಚುವ ಬಿಳಿ ಬಟ್ಟೆಯ ಪಟ್ಟಿ. ಮತ್ತೆ ಬಿಚ್ಚಲು ಸುಲಭವಾಗಲೆಂದು ಅದರ ತುದಿಯನ್ನು ಒಂದು ಕಾಳಿನಷ್ಟು ಒಳಕ್ಕೆ ಮಡಚಲಾಗಿತ್ತು. ಇಪ್ಪತ್ತು ವರ್ಷದಿಂದ ನಮ್ಮ ಅಂಗಡಿಯ ಪ್ರತಿ ಸುರುಳಿಯ ತುದಿಯನ್ನೂ ಹಾಗೆ ಮಡಚಿಡುವವರು ಒಬ್ಬರೇ.

ಅಷ್ಟರಲ್ಲಿ ನಮ್ಮನೆಯವರದೇ ಫೋನು ಬಂತು. "ಟರ್ಬೊ ನೋಡಿದಿ ಇಲ್ಲೊ? ಬ್ಯಾರೆ ಏನೂ ಬಿಚ್ಚಿಲ್ಲ ಹೌದಲ್ಲೊ?"

"ಬಂದ ಮ್ಯಾಲೆ ಮಾತಾಡೂಣು" ಎಂದು ಇಟ್ಟೆ. ಖಾದರ್‌ಸಾಬರಿಗೆ, "ನಿಮ್ಮ ಮ್ಯಾಲೆ ಇಲ್ಲದ ಅನುಮಾನ ಪಟ್ಟೆ, ಮನಸ್ಸಿನ್ಯಾಗ ಇಟಗೋಬ್ಯಾಡ್ರಿ" ಎಂದೆ. ಅವರು ನಕ್ಕು, ತಿರುಪನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು.

ಮೂರನೆಯ ದಿನ ಶಾಹಿನ್ ಜೊತೆಗೆ ಹೊರಟಳು. ಅವಳು ಮುಂಡಗೋಡದ ಅತ್ತೆಯ ಮನೆಗೆ ಹೋಗಬೇಕಿತ್ತು; ದಾರಿಯಲ್ಲಿ ಇಂಜಿನ್ನಿನ ಗಾಳಿ-ಪೆಟ್ರೋಲಿನ ಲೆಕ್ಕ ಇನ್ನೊಮ್ಮೆ ನೋಡುವುದೂ ಇತ್ತು. ಹಳಿಯಾಳ, ಕಲಘಟಗಿ, ಮುಂಡಗೋಡ. ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದ ಗಾಡಿಗೆ ಒಂದು ತಂತಿ. ಏರು ಬಂದಾಗ, "ಈಗ ಒತ್ತರಿ" ಅನ್ನುವಳು. ಕಾರು ಮೊದಲಿನಂತೆ ಜಿಗಿಯಲಿಲ್ಲ. ಒಂದೇ ಸಮನೆ, ಸದ್ದಿಲ್ಲದೆ ಹತ್ತಿತು.

"ಟ್ಯೂನ್ ಮಾಡೂದು ನಾನರೀ" ಎಂದಳು, ಪರದೆಯಿಂದ ಕಣ್ಣೆತ್ತದೆ. "ಅಬ್ಬಾ ಕಿವಿಲೆ ರೋಗ ಹಿಡೀತಾರ, ಆದ್ರ ಅವ್ರಿಗೆ ಲ್ಯಾಪ್‌ಟಾಪ್ ಬರೂದಿಲ್ಲ. ಹುಡುಗಿ ಮಾಡ್ತಾಳ ಅಂದ್ರ ಮಂದಿ ಕೀಲಿ ಕೊಡೂದಿಲ್ಲ. ಅದಕ್ಕ ಯಾರನ್ನೂ ಒಳಗ ಬಿಡೂದಿಲ್ರಿ."

"ಮೊದಲ ಗೊತ್ತಿದ್ರ ನಾನೂ ಕೊಡ್ತಿರಲಿಲ್ಲ" ಅಂದೆ. ಸುಳ್ಳು ಹೇಳುವುದು ಬೇಡವೆನಿಸಿತು.

"ಗೊತ್ತೈತ್ರಿ" ಎಂದು ನಕ್ಕಳು.

ಮುಂಡಗೋಡದಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ಅವಳನ್ನು ಅತ್ತೆಯ ಮನೆಯ ಬಾಗಿಲಿಗೆ ಬಿಟ್ಟು ಒಬ್ಬಳೇ ಧಾರವಾಡಕ್ಕೆ ತಿರುಗಿದೆ. ನಾಲ್ಕು ಗಂಟೆಗೆ ಮನೆ ಮುಟ್ಟಿದೆ.

ನಮ್ಮನೆಯವರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಗೇಟಿನಲ್ಲೇ ನಿಂತಿದ್ದರು. "ಟರ್ಬೊ ನಮ್ದ ಐತಿಲ್ಲೊ?"

"ನೀವ ನೋಡ್ರಿ" ಎಂದು ಬಾನೆಟ್ ತೆರೆದೆ.

ನೋವಿನಲ್ಲೂ ಬಗ್ಗಿದರು. ಟರ್ಬೊ ಕಡೆಗೆ ನೋಡಲೇ ಇಲ್ಲ. ಬಲಗೈ ನೇರವಾಗಿ ಬ್ಯಾಟರಿಯ ತಳಕ್ಕೆ ಇಳಿಯಿತು, ತಡವಿತು, ಅಲ್ಲೇ ನಿಂತಿತು. ನಾನು ಕಾಗದ ಬಿಚ್ಚಿ ತಿರುಪನ್ನು ಅವರ ಮುಂದೆ ಹಿಡಿದೆ.

"ಒಂದ ಸುತ್ತು ತಿರುವಿದ್ದೆ" ಅಂದರು, ಬಗ್ಗಿದ್ದವರು ಬಗ್ಗಿಕೊಂಡೇ.

"ಸವದತ್ತಿ ರಸ್ತಾದ್ದು ಬಂದು ಹೇಳಿದಾಗರೆ ಬಾಯಿ ಬಿಡಬೇಕಾಗಿತ್ತಿಲ್ಲೊ? ಅಕಿನೂ ಗಾಡ್ಯಾಗ ಇದ್ಲು."

ತಿರುಪನ್ನು ಬ್ಯಾಟರಿಯ ಮೇಲಿಟ್ಟು ನಾನು ಒಳಗೆ ಹೋದೆ. ಬಹಳ ಹೊತ್ತಿನ ಮೇಲೆ ಬಾನೆಟ್ ಮುಚ್ಚಿದ ಸದ್ದು ಅಡುಗೆಮನೆಗೆ ಕೇಳಿತು.

ಮುಂದಿನ ವಾರ ಮಗಳನ್ನು ಕರೆತರಲು ಬಾಗಲಕೋಟೆಗೆ ಹೋಗಬೇಕಿತ್ತು. ಕಾರು ಸಂಪೂರ್ಣ ಸರಿಯಾಗಿತ್ತು. ನಾನು ಬಸ್ಸಿಗೆ ಹೋದೆ.