ಸಾವಿತ್ರಕ್ಕನ ಬೋಳು ಪಾರಿಜಾತ

ನಮ್ಮ ಇಸಳೂರಿನಲ್ಲಿ ಹೋದ ವರ್ಷ ಒಂದು ಪಾರಿಜಾತದ ಗಿಡ ಬೋಳಾಯಿತು. ಹುಳ ತಿಂದದ್ದಲ್ಲ. ನಾವೇ ಕುಡಿದು ಮುಗಿಸಿದ್ದು.

ಚಿಕೂನ್‌ಗುನ್ಯ ಬಂದಿತ್ತು, ನೆನಪಿದೆಯಲ್ಲ? ಜ್ವರ ಬಿಟ್ಟರೂ ಗಂಟುನೋವು ಬಿಡುತ್ತಿರಲಿಲ್ಲ. ಪಾರಿಜಾತದ ಎಲೆಯ ಕಷಾಯ ಕುಡಿದರೆ ನೋವು ಇಳಿಯುತ್ತದೆ, ಜ್ವರ ಬಾರದವರಿಗೆ ತಡೆದುಕೊಳ್ಳುವ ಶಕ್ತಿ ಬರುತ್ತದೆ ಎಂಬ ಮಾತು ಹಬ್ಬಿತು. ನಮ್ಮ ಬೀದಿಯಲ್ಲಿ ಆ ಗಿಡ ಇದ್ದದ್ದು ಪಕ್ಕದ ಮನೆಯ ಸಾವಿತ್ರಕ್ಕನಲ್ಲಿ ಮಾತ್ರ. ಬೆಳಗ್ಗೆ ಉದುರಿದ ಹೂವನ್ನು ದೇವರಿಗೆಂದು ಆರಿಸಿಕೊಳ್ಳಲು ನೆಟ್ಟದ್ದು. (ನೆಲಕ್ಕೆ ಬಿದ್ದರೂ ಪೂಜೆಗೆ ಸಲ್ಲುವ ಹೂವಲ್ಲವೇ ಅದು.)

ದಿನವಿಡೀ ಅವರ ಗೇಟು ಕಿರುಗುಟ್ಟಿತು. ಯಾರೂ ಬರಿಗೈಯಲ್ಲಿ ಹೋಗಲಿಲ್ಲ. ನಿಮಗೂ ಸ್ವಲ್ಪ ಉಳಿಸಿಕೊಳ್ಳಿ ಎಂದು ನನ್ನ ಹೆಂಡತಿ ಹೇಳಿದ್ದಕ್ಕೆ ಅವರ ಉತ್ತರ ಇಷ್ಟೇ: "ಮದ್ದಿಗೆ ಬಂದವ್ಕೆ ಇಲ್ಲೆ ಹೇಳ್ಲಾಗ, ತಂಗಿ." ಇಲ್ಲ ಎನ್ನಬಾರದಂತೆ.

ಗಿಡ ಬೋಳಾದ ವಾರವೇ ಅವರ ಯಜಮಾನರು ಗಣಪಣ್ಣ ಮಲಗಿದರು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಡಾಕ್ಟರರ ಮಾತ್ರೆಗೆ ಜ್ವರ ಬಿಟ್ಟಿತು. ಬೆರಳು ಮಾತ್ರ ಸೀಮೆಸುಣ್ಣ ಹಿಡಿಯಲಾಗದಷ್ಟು ಊದಿಕೊಂಡವು. ಕೊಟ್ಟೇ ಗೊತ್ತಿದ್ದ ಸಾವಿತ್ರಕ್ಕ ಮೊದಲ ಸಲ ಕೇಳಲು ಹೊರಟರು.

ಎದುರುಮನೆಯ ನಾಗವೇಣಿಯವರ ಫ್ರಿಜ್ಜಿನಲ್ಲಿ ಎಲೆ ಇರುವುದು ಬೀದಿಗೆಲ್ಲ ಗೊತ್ತಿತ್ತು. ಇತ್ತು ಕೂಡ. ಕವರಿನ ತುಂಬ. ಸಾವಿತ್ರಕ್ಕನ ಗಿಡದ್ದೇ.

"ಯಂಗಳ ಮನೇಲಿ ಇನ್ನೂ ಯಾರಿಗೂ ಜ್ವರ ಬೈಂದಿಲ್ಲೆ ಸಾವಿತ್ರಕ್ಕ. ನಾಳೆ ಬಂದ್ರೆ?"

ಸಾವಿತ್ರಕ್ಕ ಬರಿಗೈಯಲ್ಲಿ ವಾಪಸ್ ಬಂದರು.

ಗಣಪಣ್ಣ ಮತ್ತೆ ಬೋರ್ಡಿನ ಮೇಲೆ ಗೆರೆ ಎಳೆಯುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಕಷಾಯ ಕುಡಿದಿದ್ದರೆ ಬೇಗ ಗುಣವಾಗುತ್ತಿತ್ತೇ? ಗೊತ್ತಿಲ್ಲ. ಕುಡಿದವರಲ್ಲೂ ಕೆಲವರು ಈಗಲೂ ಕುಂಟುತ್ತಾರೆ. ಡಾಕ್ಟರರನ್ನು ಕೇಳಿದೆ. ಕುಡಿಯಿರಿ, ಮಾತ್ರೆ ಬಿಡಬೇಡಿ ಎಂದರು.

ಗಿಡ ಮತ್ತೆ ಚಿಗುರಿದೆ. ಬುಡದಲ್ಲಿ ಬೀಜ ಬಿದ್ದು ಎದ್ದ ಸಸಿಗಳನ್ನು ಸಾವಿತ್ರಕ್ಕ ಪ್ಲಾಸ್ಟಿಕ್ ಚೀಲಗಳಲ್ಲಿ ನೆಟ್ಟು, ಬೇಕಾದವರು ಒಯ್ಯಲಿ ಎಂದು ಗೇಟಿನ ಬಳಿ ಸಾಲಾಗಿ ಇಟ್ಟಿದ್ದಾರೆ. ಇವತ್ತಿನವರೆಗೆ ಒಂದೂ ಕದಲಿಲ್ಲ.

ಕಳೆದ ಭಾನುವಾರ ನಾಗವೇಣಿಯವರೇ ಬಂದರು. ಮಗಳಿಗೆ ಮೈಕೈ ನೋವಂತೆ, ನಾಲ್ಕೆಲೆ ಬೇಕಂತೆ. ಸಾವಿತ್ರಕ್ಕ ಹಿಡಿತುಂಬ ಕೊಟ್ಟರು. ಇನ್ನೊಂದು ಕೈಗೆ ಒಂದು ಸಸಿ ಚಾಚಿದರು.

"ಎಲೆ ಆನು ಕೊಡ್ತೆ ನಾಗವೇಣಿ. ಗಿಡ ನೀನೇ ನೆಡವು."

"ಎಲ್ಲಿ ನೆಡದು? ಅಂಗಳಕ್ಕೆಲ್ಲ ಟೈಲ್ಸ್ ಹಾಕ್ಸಿದ್ಯಲೆ."

ಎಲೆ ರಸ್ತೆ ದಾಟಿತು. ಸಸಿ ಗೇಟಿನ ಬಳಿಯೇ ಉಳಿಯಿತು.

ಫ್ರಿಜ್ಜಿನಲ್ಲಿ ಸಿಕ್ಕ ಜಾಗ ಅಂಗಳದಲ್ಲಿ ಯಾಕೆ ಸಿಗುವುದಿಲ್ಲ?