ಗಡಿ ದಾಟದ ಕರಿಬೇವು

ನಾನು ಚಿಕ್ಕವನಿದ್ದಾಗ ಒಂದು ಕರಿಬೇವಿನ ಗಿಡವನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ಅಡಿಲೇಡ್‌ನಿಂದ ಪರ್ತ್‌ಗೆ ಹೊರಟಿದ್ದೆ. ಆಗ ಕಾರುಗಳು ಇನ್ನೂ ಪೆಟ್ರೋಲಿನಲ್ಲಿ ಓಡುತ್ತಿದ್ದವು, ಮಕ್ಕಳೇ. ದಾರಿಯಲ್ಲಿ ಪೆಟ್ರೋಲ್ ಬಂಕ್ ಕಂಡರೆ ಸಾಕು, ಅಕ್ಕ “ಸರ್ವೋ! ಸರ್ವೋ!” ಎಂದು ಕೂಗುತ್ತಿದ್ದಳು. ಆ ಬಯಲಿನಲ್ಲಿ ನೆರಳು, ನೀರು, ಶೌಚಾಲಯ ಎಲ್ಲ ಇದ್ದದ್ದು ಅಲ್ಲಿ ಮಾತ್ರ.

ಅಪ್ಪ ಭೂವಿಜ್ಞಾನಿ. ಅವರಿಗೆ ಪರ್ತ್‌ನ ಒಂದು ಗಣಿ ಕಂಪನಿಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ಅಲ್ಲಿಯವರೆಗೆ ನಾವು ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಹಿಂದಿನ ಬೀದಿಯ ಶೆಡ್‌ಗಳಲ್ಲಿ ದಿನವಿಡೀ ಕಬ್ಬಿಣ ಕೊಯ್ಯುವ ಸದ್ದು. ಆ ಸದ್ದಿನ ನಡುವೆಯೇ ಅಮ್ಮ ಹಿತ್ತಲಿನಲ್ಲಿ ಒಂದು ಗೇಣಿನ ಕರಿಬೇವಿನ ಸಸಿಯನ್ನು ನನ್ನ ಎದೆಯುದ್ದ ಬೆಳೆಸಿದ್ದಳು. ಅಡಿಲೇಡ್‌ನ ಚಳಿಗೆ ಅದು ಪ್ರತಿವರ್ಷ ಎಲೆ ಉದುರಿಸಿ ಕಡ್ಡಿಯಾಗುತ್ತಿತ್ತು. ಅಮ್ಮ ಸಂಜೆ ಅದಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ, ಬೆಳಿಗ್ಗೆ ತೆಗೆದು, ನೀರು ಬೆರೆಸಿದ ಮಜ್ಜಿಗೆ ಹುಯ್ದು ಉಳಿಸಿಕೊಳ್ಳುತ್ತಿದ್ದಳು. ನಾವು ಊರು ಬಿಡುವಾಗ ಪಕ್ಕದ ಬೀದಿಯ ಆಂಟಿ ಬಂದು, “ನನಗೆ ಕೊಟ್ಟು ಹೋಗ್ರೀ, ಚೆನ್ನಾಗಿ ನೋಡ್ಕೋತೀನಿ” ಎಂದು ಕೇಳಿದರು. ಅಮ್ಮ ಕೊಡಲಿಲ್ಲ. ಸಾಮಾನು ಸಾಗಿಸುವವರು ಗಿಡ ಒಯ್ಯಲು ಒಪ್ಪದಿದ್ದಾಗ ಅದು ಕಾರಿಗೆ ಬಂತು, ನನ್ನ ಕಾಲುಗಳ ನಡುವೆ ಕೂತಿತು.

ವಿಮಾನದಲ್ಲಿ ಹೋಗಬಹುದಿತ್ತು. ಅಪ್ಪನಿಗೆ ಫೋಟೊ ಹುಚ್ಚು. ಮರವೇ ಇಲ್ಲದ ನಲ್ಲಾರ್ಬೋರ್ ಬಯಲನ್ನೂ ಅದರ ಅಂಚಿನ ಕಡಲ ಬಂಡೆಗಳನ್ನೂ ತೆಗೆಯಬೇಕೆಂದು ಅವರು ಕಾರಿನಲ್ಲೇ ಹೊರಡಿಸಿದರು. ಮೊದಲ ದಿನ ನನಗೂ ಖುಷಿಯಿತ್ತು. ಎರಡನೆಯ ದಿನ ಖುಷಿ ಪೂರ್ತಿ ಆರಿಹೋಗಿತ್ತು. ಅಪ್ಪ ಮತ್ತೆ ಮತ್ತೆ ಕಾರು ನಿಲ್ಲಿಸುತ್ತಿದ್ದರು. “ಒಂದೇ ನಿಮಿಷ, ಬೆಳಕು ಚೆನ್ನಾಗಿದೆ” ಎಂದು ಇಳಿದರೆ ವಾಪಸ್ ಬರುವ ಹೊತ್ತಿಗೆ ಕಾರು ಒಲೆಯಾಗಿರುತ್ತಿತ್ತು. ಬಾಗಿಲು ತೆರೆದರೆ ನೊಣಗಳು ಕಣ್ಣು, ಮೂಗು, ತುಟಿ ಎನ್ನದೆ ಮುತ್ತುತ್ತಿದ್ದವು. ಕುಂಡದ ಮಣ್ಣು ನನ್ನ ಸಾಕ್ಸಿನೊಳಗೆ ಸೇರಿ ಕೆರೆಯುತ್ತಿತ್ತು. ತಿರುವು ಬಂದಾಗಲೆಲ್ಲ ಎಲೆಗಳು ಮುಖಕ್ಕೆ ಬಡಿಯುತ್ತಿದ್ದವು. ಕಾಲು ಚಾಚುವ ಹಾಗಿಲ್ಲ, ಗಿಡ ಬೀಳುತ್ತದೆ. ನಿದ್ದೆ ಮಾಡುವ ಹಾಗೂ ಇಲ್ಲ, ಆಗಲೂ ಗಿಡ ಬೀಳುತ್ತದೆ.

ಮಧ್ಯಾಹ್ನ ಒಂದು ಕಡೆ ಅಪ್ಪ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದರು. ನೀಲಿ ಆಕಾಶದ ಮುಂದೆ ಒಂಟಿಯಾಗಿ ನಿಂತಿದ್ದ ದೊಡ್ಡ ಹಳದಿ ಬೋರ್ಡು ಅವರಿಗೆ ಇಷ್ಟವಾಗಿತ್ತು. ಮಂಡಿಯೂರಿ, ವಾಲಿ, ಹಿಂದೆ ಮುಂದೆ ಸರಿದು ಅದರ ಫೋಟೊ ತೆಗೆದರು. ಅಮ್ಮ ನಿದ್ದೆ ಹೋಗಿದ್ದಳು. ಅಕ್ಕನ ಕಿವಿಯಲ್ಲಿ ಹಾಡು. ನಾನು ಎಲೆಗಳ ಹಿಂದೆ ಬೆವರುತ್ತಿದ್ದೆ. ಆ ಬೋರ್ಡನ್ನು ನಮ್ಮಲ್ಲಿ ಯಾರೂ ಓದಲಿಲ್ಲ.

ರಾಜ್ಯದ ಗಡಿಗೆ ಬಂದಾಗ ರಸ್ತೆಗೆ ಅಡ್ಡಲಾಗಿ ಒಂದು ತಪಾಸಣೆಯ ಕಟ್ಟೆ ಇತ್ತು. ಅಗಲ ಹ್ಯಾಟಿನ ಅಧಿಕಾರಿಣಿಯೊಬ್ಬರು ನಗುತ್ತಾ ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದರು. ನನ್ನನ್ನು ನೋಡಿ, ಗಿಡವನ್ನು ನೋಡಿ, ನಗು ನಿಲ್ಲಿಸಿದರು. ಹೊರಗಿನ ಹುಳ, ರೋಗ ಒಳಗೆ ಬಂದರೆ ಇಲ್ಲಿನ ಹಣ್ಣಿನ ತೋಟಗಳು ಹಾಳಾಗುತ್ತವೆ, ಆದ್ದರಿಂದ ಗಿಡ, ಮಣ್ಣು, ತರಕಾರಿ, ಜೇನುತುಪ್ಪ ಯಾವುದನ್ನೂ ಪಶ್ಚಿಮ ಆಸ್ಟ್ರೇಲಿಯಾದೊಳಗೆ ಬಿಡುವಂತಿಲ್ಲ ಎಂದು ನಿಧಾನವಾಗಿ ವಿವರಿಸಿದರು. ಗಿಡವನ್ನು ಇಲ್ಲಿ ಒಪ್ಪಿಸಬೇಕು, ಇಲ್ಲವೇ ಬಂದ ದಾರಿಯಲ್ಲಿ ಹಿಂದಕ್ಕೆ ಒಯ್ಯಬೇಕು.

“ನಾವು ತಿರುಗಿ ಬರೋವರೆಗೆ ಇಲ್ಲೇ ನೀರು ಹಾಕ್ತೀರಾ?” ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಇಲ್ಲವೆಂದು ತಲೆಯಾಡಿಸಿದರು.

ಅಮ್ಮ ಅಪ್ಪನ ಕಡೆಗೆ ತಿರುಗಿದಳು. “ನಿಮಗೆ ಗೊತ್ತಿರಲಿಲ್ವಾ?”

“ಬೇರೆ ದೇಶಕ್ಕೆ ಹೋಗೋವಾಗ ಮಾತ್ರ ಅಂದ್ಕೊಂಡಿದ್ದೆ ಕಣೇ. ಒಂದೇ ದೇಶದೊಳಗೆ ಇದೆಲ್ಲ ಇರತ್ತೆ ಅಂತ ಯಾರಿಗ್ಗೊತ್ತು?”

ಅಕ್ಕ ಕ್ಯಾಮೆರಾ ಎತ್ತಿಕೊಂಡು ಫೋಟೊಗಳನ್ನು ಹಿಂದಕ್ಕೆ ಸರಿಸಿದಳು. ಹಳದಿ ಬೋರ್ಡು ಬಂತು. ಅಧಿಕಾರಿಣಿ ಈಗ ಹೇಳಿದ್ದೆಲ್ಲ ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಇತ್ತು. “ಅಪ್ಪಾ, ಸೀರಿಯಸ್ಲಿ?” ಎಂದು ಅವಳು ಕ್ಯಾಮೆರಾವನ್ನು ಅಪ್ಪನ ಮುಖದ ಮುಂದೆ ಹಿಡಿದಳು.

ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದು ನಾನು. ಎರಡು ದಿನ ಕಾಲು ಮಡಚಿ ಕೂತದ್ದು, ನೊಣ, ಬಿಸಿಲು, ಅಪ್ಪನ ಆ “ಒಂದೇ ನಿಮಿಷ”ಗಳು ಎಲ್ಲ ಒಟ್ಟಿಗೆ ಹೊರಬಂದವು. ಆಂಟಿಗೆ ಕೊಟ್ಟಿದ್ದರೆ ಗಿಡ ಬದುಕಿರುತ್ತಿತ್ತು ಎಂದು ಅತ್ತೆ. ಕುಂಡವನ್ನು ತಬ್ಬಿಕೊಂಡು ಕಾರಿನಿಂದ ಇಳಿಯುವುದಿಲ್ಲ ಎಂದು ಹಟ ಹಿಡಿದೆ. ಅಪ್ಪ ಸಮಾಧಾನ ಮಾಡಲು ಬಂದರೆ ಅವರ ಕೈ ತಳ್ಳಿದೆ.

ಅಮ್ಮ ಅಧಿಕಾರಿಣಿಯನ್ನು ಕೇಳಿದಳು: “ತಿಂದು ಮುಗಿಸಿದರೆ?”

ತಿಂದದ್ದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಗಡಿಯ ಈಚೆಗೆ ಕ್ಯಾರವಾನ್‌ಗಳು ತಂಗುವ ಜಾಗದಲ್ಲಿ ಒಂದು ಬಾರ್ಬಿ ಇದೆ ಎಂದು ಆಕೆಯೇ ಕೈತೋರಿಸಿದರು. ಬಾರ್ಬಿ ಎಂದರೆ ಬಯಲಿನಲ್ಲಿ ಇಟ್ಟಿರುತ್ತಿದ್ದ ಕರೆಂಟ್ ಒಲೆ, ಮೇಲೆ ಅಗಲವಾದ ಕಬ್ಬಿಣದ ಹಂಚು. ಅಪ್ಪ ಕಾರನ್ನು ಹಿಂದಕ್ಕೆ ತಿರುಗಿಸಿದರು.

ಅಮ್ಮ ಬೆಳಿಗ್ಗೆ ರೈಸ್ ಕುಕ್ಕರಿನಲ್ಲಿ ಮಾಡಿದ್ದ ಅನ್ನದ ಡಬ್ಬಿ ತೆಗೆದಳು. ಚೀಲದಲ್ಲಿದ್ದ ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು ಎಲ್ಲ ಹೊರಬಂದವು. ಅವೂ ಗಡಿ ದಾಟುವಂತಿರಲಿಲ್ಲ. ಆಮೇಲೆ ಅವಳು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬುಡದಿಂದ ಎಲೆ ಬಿಡಿಸತೊಡಗಿದಳು. ಅಪ್ಪ ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿದರು.

“ಬೇಡ ರೀ. ಇದೊಂದು ಬೇಡ.”

ಅಪ್ಪ ಕ್ಯಾಮೆರಾವನ್ನು ಕಾರಿನೊಳಗಿಟ್ಟು ಬಂದು ಅಮ್ಮನ ಎದುರು ಕೂತು ಎಲೆ ಕೀಳತೊಡಗಿದರು. “ತಪ್ಪಾಯ್ತು” ಎಂದರು. ಅಕ್ಕ ಬಂದಳು. ಕೊನೆಗೆ ನಾನೂ ಹೋದೆ, ಮೂಗು ಒರೆಸಿಕೊಂಡು. ತುದಿಯ ಎಳೆಯ ಚಿಗುರನ್ನು ಕೀಳಲು ಯಾರಿಗೂ ಕೈ ಬರಲಿಲ್ಲ. ಅದನ್ನು ಅಮ್ಮನೇ ಕಿತ್ತಳು.

ಬಿಸಿ ಹಂಚಿಗೆ ಎಣ್ಣೆ ಹಾಕಿದರೆ ಅದು ಇಳಿಜಾರಿಗೆ ಹರಿದುಹೋಯಿತು. ಸಾಸಿವೆ ಸಿಡಿದು ನಮ್ಮ ಕೈಗೆಲ್ಲ ಹಾರಿತು. ಅಮ್ಮ ಎಲೆಗಳನ್ನು ಬೊಗಸೆ ಬೊಗಸೆ ಸುರಿದಾಗ ಹಂಚು ಚರ‍್ರೆಂದಿತು. ಆ ಘಮ, ಮಕ್ಕಳೇ! ಉಪ್ಪುಗಾಳಿಯನ್ನೂ ಮೀರಿ ಬಯಲೆಲ್ಲ ಹರಡಿತು. ಪಕ್ಕದ ಕ್ಯಾರವಾನಿನ ಮುದುಕ ಮುದುಕಿ ತಮ್ಮ ತಟ್ಟೆ ಹಿಡಿದುಕೊಂಡೇ ಬಂದರು. ಅನ್ನಕ್ಕಿಂತ ಎಲೆಯೇ ಹೆಚ್ಚಾಗಿದ್ದ ಆ ಚಿತ್ರಾನ್ನ ಹಸಿರಾಗಿತ್ತು, ಸ್ವಲ್ಪ ಕಹಿಯಾಗಿತ್ತು. ನನಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಎರಡು ಸಲ ಹಾಕಿಸಿಕೊಂಡೆ.

ಬೋಳು ಕಡ್ಡಿಯನ್ನೂ ಕುಂಡವನ್ನೂ ಅಪ್ಪನೇ ಒಯ್ದು ಕೊಟ್ಟರು. ಆ ಅಧಿಕಾರಿಣಿ ಅದನ್ನು ದಪ್ಪ ಚೀಲಕ್ಕೆ ಹಾಕಿ ಬಾಯಿ ಬಿಗಿದರು. ಕಾರು ಗಡಿ ದಾಟಿತು. ಈಗ ಕಾಲು ಚಾಚಲು ಬೇಕಾದಷ್ಟು ಜಾಗವಿತ್ತು. ನಾನು ಚಾಚಲಿಲ್ಲ. ಪರ್ತ್ ತಲುಪುವವರೆಗೂ ಅಮ್ಮ ಅಪ್ಪನೊಡನೆ ದಾರಿಯ ಬಗ್ಗೆ ಬಿಟ್ಟು ಬೇರೆ ಮಾತಾಡಲಿಲ್ಲ.

ಪರ್ತ್‌ನ ವಿಲೆಟನ್ ಬಡಾವಣೆಯ ಹೊಸ ಮನೆಯ ಹಿತ್ತಲಿನಲ್ಲಿ ಬರೀ ಬೂದುಬಣ್ಣದ ಮರಳು. ನೀರು ಹಾಕಿದರೆ ಇಂಗದೆ ಮೇಲೆಯೇ ಮಣಿಮಣಿಯಾಗಿ ಉರುಳುತ್ತಿತ್ತು. ಅಲ್ಲಿನ ಅಂಗಡಿಯಿಂದ ಅಮ್ಮ ತಂದ ಮೊದಲ ಸಸಿ ಸತ್ತಿತು, ಎರಡನೆಯದೂ ಸತ್ತಿತು. ದೂರದ ಗಣಿಯಿಂದ ರಜೆಗೆ ಬಂದಾಗಲೆಲ್ಲ ಅಪ್ಪ ಮರಳು ಅಗೆದು ಗೊಬ್ಬರ ತುಂಬುತ್ತಿದ್ದರು. ಮೂರನೆಯದು ನಿಂತಿತು. ಅದರಿಂದ ಒಗ್ಗರಣೆಗೆ ಎಲೆ ಕೀಳಲು ಅಮ್ಮ ತುಂಬಾ ಕಾಲ ಮನಸ್ಸು ಮಾಡಲಿಲ್ಲ.

ಈಗ ನಾನು ಬ್ರಿಸ್ಬೇನ್‌ಗೆ, ಇಂಡೂರೂಪಿಲ್ಲಿಯ ನಿಮ್ಮ ಮನೆಗೆ ಬಂದರೆ ನಿಮ್ಮ ಕಾರು ಚಾಲಕನಿಲ್ಲದೆ ತಾನೇ ಓಡುತ್ತಾ ನನ್ನನ್ನು ಕರೆತರುತ್ತದೆ. ಬೆಳಕು ಚೆನ್ನಾಗಿದೆ ಎಂದು ಅದು ಎಲ್ಲೂ ನಿಲ್ಲುವುದಿಲ್ಲ. ನಿಮ್ಮ ಹಿತ್ತಲಿನ ಮಳೆಗೂ ಸೆಕೆಗೂ ಕರಿಬೇವು ಬೇಲಿ ದಾಟಿ ಬೆಳೆದಿದೆ. ಬುಡದಲ್ಲಿ ಎದ್ದ ಮರಿಗಳನ್ನು ನನ್ನ ಮಗ, ನಿಮ್ಮ ಅಪ್ಪ, ಕಳೆಯೆಂದು ಕಿತ್ತು ಬಿಸಾಡುತ್ತಾನೆ. ಊಟಕ್ಕೆ ಕೂತಾಗ ನೀವು ಒಂದೊಂದೇ ಎಲೆಯನ್ನು ಆರಿಸಿ ತಟ್ಟೆಯ ಅಂಚಿಗೆ ಇಡುತ್ತೀರಿ. ಬೈಯಬೇಕೆಂದು ಬಾಯಿ ತೆರೆಯುತ್ತೇನೆ. ನೀವು ಏನು ಅಂತ ನನ್ನ ಮುಖ ನೋಡುತ್ತೀರಿ. ನಾನು ನಿಮ್ಮ ಎಲೆಗಳನ್ನೆಲ್ಲ ನನ್ನ ತಟ್ಟೆಗೆ ಹಾಕಿಕೊಂಡು ತಿನ್ನುತ್ತೇನೆ.